ಕೃಷ್ಣಸಂಧಾನ ಮುರಿದುಬಿದ್ದದ್ದು ಎಲ್ಲಿ?

ಧರ್ಮರಾಯ ಐದು ಗ್ರಾಮಗಳನ್ನು ಕೇಳಿದ, ಕೌರವ ಸೂಜಿಮೊನೆಯಷ್ಟು ನೆಲವನ್ನೂ ಕೊಡಲೊಪ್ಪಲಿಲ್ಲ, ಕೃಷ್ಣ ವಿಶ್ವರೂಪವನ್ನು ತೋರಿ ಸಭೆಯಿಂದ ಎದ್ದು ಬಂದ, ಯುದ್ಧ ನಿಶ್ಚಯವಾಯಿತು. ಮಹಾಭಾರತದ ಸಂಧಾನಪ್ರಸಂಗವನ್ನು ನಮ್ಮಲ್ಲಿ ಹೆಚ್ಚಿನವರು ನೆನಪಿಟ್ಟುಕೊಂಡಿರುವುದು ಇಷ್ಟರ ಮಟ್ಟಿಗೆ. ಈ ಸಂಕ್ಷೇಪದಲ್ಲಿ ತಪ್ಪೇನೂ ಇಲ್ಲ. ಆದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಲೆಯ ಅರ್ಥಗಾರಿಕೆಯನ್ನು ಕೂತು ಕೇಳಿದವರಿಗೆ ಗೊತ್ತಿರುವಂತೆ, ಸಂಧಾನದ ಪ್ರಸಂಗದಲ್ಲಿ ಕೌರವನ ಪಾತ್ರ ವಹಿಸಿದ ಸಮರ್ಥ ಅರ್ಥಧಾರಿಯು ಕೃಷ್ಣನ ಎದುರು ಸುಲಭಕ್ಕೆ ಸೋಲುವುದಿಲ್ಲ. ಅವನ ಬಾಯಲ್ಲಿ ವಾದಗಳಿರುತ್ತವೆ, ಆ ವಾದಗಳಿಗೆ ಮೂಲದಲ್ಲಿಯೇ ಆಧಾರವಿರುತ್ತದೆ. ಮಹಾಭಾರತದಲ್ಲಿ ಈ ಸಂಧಾನವನ್ನು ಹೇಳುವ ಉದ್ಯೋಗಪರ್ವವು ಒಬ್ಬ ಹಟಮಾರಿಯ ಕಥೆಯಷ್ಟೇ ಆಗಿದ್ದರೆ ಅದು ಅಷ್ಟು ದೀರ್ಘವಾಗಿರಬೇಕಾಗಿರಲಿಲ್ಲ.

ಈ ರಾಜ್ಯಗಳು ಕಾವ್ಯದ ರಾಜ್ಯಗಳು. ಅವು ಚರಿತ್ರೆಯಲ್ಲಿ ಹೀಗೆಯೇ ಇದ್ದವೇ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತುತ್ತಿಲ್ಲ. ಆದರೆ ಎರಡು ಪಕ್ಷಗಳು ಸೈನ್ಯ ಕೂಡಿಸುತ್ತಲೇ ಶಾಂತಿಯ ಮಾತಾಡುವಾಗ ಏನೇನು ನಡೆಯುತ್ತದೆ, ಯಾವ ದೂತನ ಕೈಯಲ್ಲಿ ಎಷ್ಟು ಅಧಿಕಾರವಿರುತ್ತದೆ, ಯಾರ ಮಾತಿಗೆ ಯಾರು ಹೊಣೆ ಎಂಬುದನ್ನು ಈ ಪರ್ವ ತೋರಿಸುವಷ್ಟು ಬಿಡಿಸಿ ತೋರಿಸುವ ಕಾವ್ಯಭಾಗಗಳು ಕಡಿಮೆ. ಹಸ್ತಿನಾವತಿಯಲ್ಲಿ ಮಾತು ಕೊಡಬೇಕಾದ ರಾಜನಿಗೆ ಅದನ್ನು ನಡೆಸಿಕೊಡುವ ಶಕ್ತಿ ಇರಲಿಲ್ಲ, ನಡೆಸಿಕೊಡಬಲ್ಲ ಮಗನಿಗೆ ಮಾತು ಕೊಡುವ ಮನಸ್ಸಿರಲಿಲ್ಲ. ಸಂಧಾನ ಮುರಿದದ್ದು ಮುಖ್ಯವಾಗಿ ಈ ಬಿರುಕಿನಲ್ಲಿ ಎಂಬುದು ನನ್ನ ಓದು.

ಕರಾರು ಮತ್ತು ಕಾಲದ ಲೆಕ್ಕ

ಮೊದಲು ವಿವಾದ ಯಾವುದೆಂದು ಸ್ಪಷ್ಟ ಮಾಡಿಕೊಳ್ಳಬೇಕು. ಜೂಜು ನಡೆದದ್ದು ಎರಡು ಸಲ. ಮೊದಲ ಜೂಜಿನಲ್ಲಿ ಪಾಂಡವರು ಸರ್ವಸ್ವವನ್ನೂ ಸೋತರೂ, ದ್ರೌಪದಿಗೆ ಕೊಟ್ಟ ವರದ ನೆಪದಲ್ಲಿ ಧೃತರಾಷ್ಟ್ರ ಎಲ್ಲವನ್ನೂ ಹಿಂತಿರುಗಿಸಿಬಿಟ್ಟ. ಎರಡನೆಯ ಜೂಜಿನಲ್ಲಿ ಒಂದೇ ಪಣವಿತ್ತು: ಸೋತವರು 12 ವರ್ಷ ಕಾಡಿನಲ್ಲಿ, 13ನೆಯ ವರ್ಷ ಜನರ ನಡುವೆ ಅಜ್ಞಾತವಾಗಿ ಇರಬೇಕು, ಆ ವರ್ಷದಲ್ಲಿ ಗುರುತು ಸಿಕ್ಕರೆ ಮತ್ತೆ 12 ವರ್ಷ ಕಾಡು, ಅವಧಿ ಸರಿಯಾಗಿ ಮುಗಿದರೆ ಅವರವರ ರಾಜ್ಯ ಅವರವರಿಗೆ. ಆದ್ದರಿಂದ ಪಾಂಡವರು ಕೇಳುತ್ತಿದ್ದುದು ದಾನವಾಗಲಿ ಹೊಸ ಪಾಲಾಗಲಿ ಆಗಿರಲಿಲ್ಲ. ಕರಾರಿನಂತೆ ತಮಗೆ ಮರಳಬೇಕಾದ ಇಂದ್ರಪ್ರಸ್ಥವನ್ನು ಅವರು ಕೇಳುತ್ತಿದ್ದರು.

ಹಾಗಾದರೆ ಅವಧಿ ಮುಗಿದಿತ್ತೇ? ವಿರಾಟನ ಗೋವುಗಳನ್ನು ಹಿಡಿಯಲು ಕೌರವಸೇನೆ ಬಂದಾಗ ಅರ್ಜುನ ರಥವೇರಿ ಕಾಣಿಸಿಕೊಂಡನಷ್ಟೆ. ಆ ಕ್ಷಣದಲ್ಲೇ ದುರ್ಯೋಧನ ಎತ್ತಿದ ಪ್ರಶ್ನೆ ಇದು. ಭೀಷ್ಮ ಅಲ್ಲಿಯೇ ಲೆಕ್ಕ ಹೇಳುತ್ತಾನೆ: ಗ್ರಹಗತಿಯ ವ್ಯತ್ಯಾಸದಿಂದ ಪ್ರತಿ 5 ವರ್ಷಕ್ಕೆ 2 ತಿಂಗಳು ಹೆಚ್ಚಾಗಿ ಬರುತ್ತವೆ, ಹಾಗೆ ಎಣಿಸಿದರೆ 13 ವರ್ಷಗಳ ಮೇಲೆ 5 ತಿಂಗಳು 12 ರಾತ್ರಿಗಳು ಕಳೆದಿವೆ. ಅಧಿಕಮಾಸವನ್ನು ಬಲ್ಲ ಯಾರಿಗೂ ಇದರ ಮರ್ಮ ತಿಳಿಯುತ್ತದೆ. ಚಾಂದ್ರಮಾನದ ವರ್ಷ ಸೌರಮಾನದ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದು. ಬರಿಯ ಚಾಂದ್ರ ತಿಂಗಳುಗಳನ್ನು ಎಣಿಸಿಕೊಂಡು ಹೋದರೆ ಅವಧಿ ಬೇಗ ತುಂಬುತ್ತದೆ, ಅಧಿಕಮಾಸ ಸೇರಿಸಿ ಸೌರವರ್ಷಕ್ಕೆ ಸರಿಹೊಂದಿಸಿದರೆ ತಡವಾಗುತ್ತದೆ. ಜೂಜಿನ ಸಭೆಯಲ್ಲಿ ‘ವರ್ಷ’ ಎಂದವರು ಯಾವ ಮಾನದ ವರ್ಷವೆಂದು ಹೇಳಿರಲಿಲ್ಲ. ಭೀಷ್ಮನ ತೀರ್ಮಾನವನ್ನು ದುರ್ಯೋಧನ ಒಪ್ಪಲಿಲ್ಲ, ಒಪ್ಪಿಸುವ ಅಧಿಕಾರ ಭೀಷ್ಮನಿಗಿರಲಿಲ್ಲ. ಕರಾರಿನಲ್ಲಿ ಅಸ್ಪಷ್ಟ ಪದವೊಂದು ಉಳಿದು, ಅದನ್ನು ಅರ್ಥೈಸಲು ಇಬ್ಬರೂ ಒಪ್ಪುವ ನ್ಯಾಯಕರ್ತ ಇಲ್ಲದಿದ್ದಾಗ ಪ್ರತಿ ಪಕ್ಷವೂ ತನಗೆ ಅನುಕೂಲವಾದ ಪಂಚಾಂಗವನ್ನು ಹಿಡಿದುಕೊಳ್ಳುತ್ತದೆ. ಮುಂದೆ ದ್ರುಪದನ ಪುರೋಹಿತ ಹಸ್ತಿನಾವತಿಗೆ ಬಂದಾಗ ಕರ್ಣ ಎದ್ದು ನಿಂತು ಆಡಿದ ಮಾತು ಇದೇ ನೆಲೆಯದು: ಪಾಂಡವರು ಕರಾರನ್ನು ಪಾಲಿಸಿಲ್ಲ, ಮತ್ಸ್ಯ ಪಾಂಚಾಲರ ಬಲ ನೆಚ್ಚಿ ರಾಜ್ಯ ಕೇಳುತ್ತಿದ್ದಾರೆ, ಬೇಕಿದ್ದರೆ ಹೇಳಿದಷ್ಟು ಕಾಲ ಮತ್ತೆ ಕಾಡಿನಲ್ಲಿದ್ದು ಬರಲಿ.

ಮಾತಿನ ಜೊತೆಯಲ್ಲೇ ಸೈನ್ಯ

ಪಾಂಡವರ ಕಡೆಯ ಮೊದಲ ಸಭೆ ನಡೆದದ್ದು ವಿರಾಟನ ರಾಜ್ಯದ ಉಪಪ್ಲಾವ್ಯದಲ್ಲಿ, ಅಭಿಮನ್ಯು ಉತ್ತರೆಯರ ಮದುವೆಯ ಮರುದಿನ. ಅಲ್ಲಿ ಒಮ್ಮತವಿರಲಿಲ್ಲವೆಂಬುದನ್ನು ಗಮನಿಸಬೇಕು. ಬಲರಾಮ ಎದ್ದು, ಜೂಜಿನಲ್ಲಿ ನಿಪುಣನಲ್ಲದ ಯುಧಿಷ್ಠಿರ ನಿಪುಣನೊಡನೆ ತಾನಾಗಿ ಆಡಿ ಸೋತನಲ್ಲದೆ ಇದರಲ್ಲಿ ಶಕುನಿಯ ಅಪರಾಧವೇನೂ ಇಲ್ಲ, ಆದ್ದರಿಂದ ದೂತನು ತಗ್ಗಿದ ದನಿಯಲ್ಲಿ ಮಾತಾಡಲಿ ಎಂದ. ಯಾದವವೀರ ಸಾತ್ಯಕಿ ಕೆರಳಿ ಅದನ್ನು ಖಂಡಿಸಿದ. ಕೊನೆಗೆ ಎಲ್ಲರೂ ಒಪ್ಪಿದ್ದು ವಯೋವೃದ್ಧ ದ್ರುಪದನ ಸಲಹೆಯನ್ನು: ಹಸ್ತಿನಾವತಿಗೆ ಪುರೋಹಿತನನ್ನು ಕಳಿಸೋಣ, ಅದರೊಡನೆಯೇ ಎಲ್ಲ ರಾಜರಿಗೂ ಸೇನಾಸಹಾಯ ಕೋರಿ ಓಲೆ ಕಳಿಸೋಣ, ಏಕೆಂದರೆ ಮೊದಲು ಕೇಳಿದವರ ಕಡೆಗೆ ರಾಜರು ಸೇರುತ್ತಾರೆ. ಹೀಗೆ ಸಂಧಾನದ ಮೊದಲ ದಿನವೇ ಯುದ್ಧಸಿದ್ಧತೆಯ ಮೊದಲ ದಿನವೂ ಆಯಿತು.

ದ್ವಾರಕೆಯಲ್ಲಿ ಮಲಗಿದ್ದ ಕೃಷ್ಣನ ನೆರವು ಕೇಳಲು ಅರ್ಜುನ ಕಾಲದೆಸೆಯಲ್ಲಿ, ದುರ್ಯೋಧನ ತಲೆದೆಸೆಯಲ್ಲಿ ಕಾದುಕೊಂಡ ಸನ್ನಿವೇಶ ಎಲ್ಲರಿಗೂ ಗೊತ್ತಿರುವುದರಿಂದ ವಿವರಿಸಬೇಕಾಗಿಲ್ಲ. ಅದಕ್ಕಿಂತ ಕುತೂಹಲಕರವಾದದ್ದು ಶಲ್ಯನ ಪ್ರಕರಣ. ನಕುಲ ಸಹದೇವರ ಸೋದರಮಾವನಾದ ಮದ್ರದೇಶದ ಈ ದೊರೆ ಸೇನೆಯೊಡನೆ ಪಾಂಡವರನ್ನು ಸೇರಲು ಹೊರಟಿದ್ದ. ದಾರಿಯುದ್ದಕ್ಕೂ ಅವನಿಗೆ ಸುಸಜ್ಜಿತ ಬಿಡಾರಗಳು, ಅನ್ನಪಾನ, ಉಪಚಾರ ಸಿದ್ಧವಾಗಿದ್ದವು. ಇದೆಲ್ಲ ಯುಧಿಷ್ಠಿರನ ಏರ್ಪಾಡೆಂದು ಸಂತೋಷಪಟ್ಟ ಶಲ್ಯ, ಏರ್ಪಾಡು ಮಾಡಿದವನಿಗೆ ಬೇಡಿದ್ದನ್ನು ಕೊಡುತ್ತೇನೆ ಎಂದುಬಿಟ್ಟ. ಮರೆಯಲ್ಲಿದ್ದ ದುರ್ಯೋಧನ ಮುಂದೆ ಬಂದು ತನ್ನ ಸೇನೆಗೆ ನಾಯಕನಾಗೆಂದು ಕೇಳಿಕೊಂಡ. ಕೊಟ್ಟ ಮಾತಿಗೆ ಕಟ್ಟುಬಿದ್ದ ಶಲ್ಯ ಆ ಬಳಿಕ ಯುಧಿಷ್ಠಿರನನ್ನು ಕಂಡು ನಡೆದದ್ದನ್ನು ತಿಳಿಸಿದಾಗ, ಧರ್ಮರಾಯ ಅವನನ್ನು ಬೈಯಲೂ ಇಲ್ಲ, ತಡೆಯಲೂ ಇಲ್ಲ. ಕರ್ಣನಿಗೆ ನೀನು ಸಾರಥಿಯಾಗುವ ಸಂದರ್ಭ ಬಂದಾಗ ಮಾತಿನಿಂದ ಅವನ ತೇಜಸ್ಸನ್ನು ಕುಂದಿಸು ಎಂದು ಕೇಳಿಕೊಂಡ, ಇದು ಮಾಡಬಾರದ ಕೆಲಸವೆಂದು ತಾನೇ ಒಪ್ಪಿಕೊಂಡೇ. ಒಂದು ಕಡೆ ಅತಿಥಿಸತ್ಕಾರವೇ ಬಲೆ, ಇನ್ನೊಂದು ಕಡೆ ಎದುರಾಳಿಯ ಪಾಳೆಯದೊಳಗೇ ತನ್ನವನೊಬ್ಬ. ಮೊದಲ ಶಾಂತಿದೂತ ಹಸ್ತಿನಾವತಿಯ ಸಭೆಯನ್ನು ಇನ್ನೂ ಮುಟ್ಟದ ಹೊತ್ತಿನ ಸಂಗತಿಗಳಿವು.

ಕೂಡುತ್ತ ಕೂಡುತ್ತ ಕೌರವರ ಕಡೆ 11, ಪಾಂಡವರ ಕಡೆ 7 ಅಕ್ಷೌಹಿಣಿ (ರಥ, ಆನೆ, ಕುದುರೆ, ಕಾಲಾಳುಗಳ ದೊಡ್ಡ ದಳ) ಸೇನೆಯಾಯಿತು. ಸೇನೆ ಬೆಳೆದಂತೆ ಮಾತಿನ ಸ್ವರೂಪವೂ ಬದಲಾಗುತ್ತದೆ. ದೂರದಿಂದ ಬಂದ ರಾಜರ ಎದುರು ಯಾವ ಪಕ್ಷವೂ ಮೆತ್ತಗಾದಂತೆ ಕಾಣಿಸಿಕೊಳ್ಳಲಾರದು. ಹೀಗಾಗಿ ಮಾತು ಎದುರಾಳಿಗಿಂತ ಹೆಚ್ಚಾಗಿ ಸ್ವಂತ ಮಿತ್ರರ ಕಿವಿಗೆ ಬೀಳುವಂತೆ ಆಡಿದ ಮಾತಾಗುತ್ತದೆ.

ಬರಿಗೈಯಲ್ಲಿ ಬಂದ ಸಂಜಯ

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೂತರನ್ನು ಮೂರು ಬಗೆಯಾಗಿ ವಿಂಗಡಿಸಿದೆ. (ಶತಮಾನಗಳ ಕಾಲ ಹೆಸರಷ್ಟೇ ಉಳಿದಿದ್ದ ಆ ಗ್ರಂಥದ ಹಸ್ತಪ್ರತಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ, ಆರ್. ಶಾಮಶಾಸ್ತ್ರಿಗಳ ಕೈಯಲ್ಲಿ. ಅವರು ಅದನ್ನು 1909ರಲ್ಲಿ ಅಚ್ಚು ಹಾಕಿಸಿದರು.) ತಾನೇ ನಿರ್ಧರಿಸಿ ಮಾತು ಮುಗಿಸುವ ಪೂರ್ಣಾಧಿಕಾರ ಉಳ್ಳವನು ನಿಸೃಷ್ಟಾರ್ಥ, ಗೊತ್ತುಪಡಿಸಿದ ವಿಷಯದಲ್ಲಿ ಮಾತ್ರ ಮಾತಾಡಬಲ್ಲವನು ಪರಿಮಿತಾರ್ಥ, ಒಡೆಯನ ಓಲೆಯನ್ನು ಒಯ್ದು ಒಪ್ಪಿಸುವವನು ಶಾಸನಹರ. ಎದುರು ಬಂದು ನಿಂತ ದೂತನಿಗೆ ಎಷ್ಟು ಅಧಿಕಾರವಿದೆ ಎಂದು ನೋಡಿದರೆ ಕಳಿಸಿದವನಿಗೆ ಒಪ್ಪಂದದಲ್ಲಿ ಎಷ್ಟು ಆಸಕ್ತಿಯಿದೆ ಎಂಬುದೂ ತಿಳಿಯುತ್ತದೆ.

ದ್ರುಪದನ ಪುರೋಹಿತ ಹೆಚ್ಚುಕಡಮೆ ಓಲೆಕಾರ. ಅವನು ತನ್ನ ಮಾತನ್ನು ಹೇಳಿದ, ಭೀಷ್ಮ ಒಪ್ಪಿದ, ಕರ್ಣ ಅಡ್ಡ ಬಂದ, ಧೃತರಾಷ್ಟ್ರ ಭೀಷ್ಮನನ್ನು ಸಮಾಧಾನಪಡಿಸಿ, ಕರ್ಣನನ್ನು ಗದರಿಸಿ, ನಾನೇ ಸಂಜಯನನ್ನು ಕಳಿಸುತ್ತೇನೆಂದು ಹೇಳಿ ಪುರೋಹಿತನನ್ನು ಹಿಂದೆ ಕಳಿಸಿದ. ಉತ್ತರ ಕೊಡದೆ ಉತ್ತರ ಕೊಟ್ಟಂತೆ ಮಾಡುವ ಈ ಉಪಾಯ ಎಲ್ಲ ಕಾಲದ ಆಡಳಿತಗಳಿಗೂ ಪರಿಚಿತವೇ.

ಸಂಜಯನ ದೌತ್ಯ ಮಾತ್ರ ವಿಚಿತ್ರವಾದದ್ದು. ಕುಶಲ ವಿಚಾರಿಸು, ಯುದ್ಧಕ್ಕೆ ಕಾರಣವಾಗದಂಥ ಮಾತಾಡು ಎಂದಷ್ಟೇ ಧೃತರಾಷ್ಟ್ರನ ಆಜ್ಞೆ. ಕೊಡುವ ನೆಲದ ಬಗ್ಗೆ ಒಂದಕ್ಷರವೂ ಇಲ್ಲ. ಏನನ್ನೂ ಕೊಡಲಾಗದ ದೂತನಿಗೆ ಉಪದೇಶವೊಂದೇ ಗತಿ. ಯುದ್ಧದಿಂದ ರಾಜ್ಯ ಪಡೆಯುವುದಕ್ಕಿಂತ ಅಂಧಕ ವೃಷ್ಣಿಗಳ ದೇಶದಲ್ಲಿ ಭಿಕ್ಷೆ ಬೇಡಿ ಬದುಕುವುದು ಮೇಲು ಎಂದು ಸಂಜಯ ಯುಧಿಷ್ಠಿರನಿಗೆ ಹೇಳುತ್ತಾನೆ. ಸಂಜಯ ಸಜ್ಜನ, ಅವನ ಮಾತಿನಲ್ಲಿ ಕಪಟವಿಲ್ಲ. ಆದರೆ ರಾಜ್ಯ ಕಳೆದುಕೊಂಡವನಿಗೆ ವೈರಾಗ್ಯವನ್ನೂ ಕಿತ್ತುಕೊಂಡವನಿಗೆ ರಾಜ್ಯವನ್ನೂ ಹಂಚುವ ಶಾಂತಿ ಅದು. ಧೃತರಾಷ್ಟ್ರನಿಗೆ ಬೇಕಾಗಿದ್ದುದು ಯುದ್ಧವಿಲ್ಲದಿರುವುದು, ಅದಕ್ಕೆ ತೆರಬೇಕಾದ ಬೆಲೆಯನ್ನು ತೆರಲು ಅವನು ಸಿದ್ಧನಿರಲಿಲ್ಲ. ಸಂಜಯ ಮರಳಿದ ರಾತ್ರಿ ಸಂದೇಶವನ್ನು ಪೂರ್ತಿ ಹೇಳದೆ, ನಾಳೆ ಸಭೆಯಲ್ಲಿ ತಿಳಿಸುತ್ತೇನೆಂದು ಮನೆಗೆ ಹೋಗಿಬಿಟ್ಟ. ನಿದ್ದೆಯಿಲ್ಲದ ಅರಸ ವಿದುರನನ್ನು ಕರೆಸಿ ರಾತ್ರಿಯಿಡೀ ಕೇಳಿದ ನೀತಿಯೇ ವಿದುರನೀತಿ. ಏನು ಮಾಡಬೇಕೆಂಬುದು ಧೃತರಾಷ್ಟ್ರನಿಗೆ ತಿಳಿಯದೆ ಇದ್ದ ಕ್ಷಣ ಈ ಪರ್ವದಲ್ಲಿ ಒಂದೂ ಇಲ್ಲವೆನ್ನಬಹುದು.

ಐದು ಗ್ರಾಮಗಳ ಭಾರ

ಯುಧಿಷ್ಠಿರ ಸಂಜಯನ ಕೈಯಲ್ಲಿ ಎರಡು ಮಾತು ಕಳಿಸಿದ. ಮೊದಲನೆಯದು ನೇರ: ಇಂದ್ರಪ್ರಸ್ಥವನ್ನು ಕೊಡು, ಇಲ್ಲವೇ ಯುದ್ಧ ಮಾಡು. ಅದರ ಬೆನ್ನಿಗೇ ಎರಡನೆಯದು: ಐವರು ಸಹೋದರರಿಗೆ ಐದು ಗ್ರಾಮಗಳನ್ನಾದರೂ ಕೊಡು, ಅಲ್ಲಿಗೆ ಮುಗಿಯಲಿ. ಅವನು ಹೆಸರಿಸಿದ ಊರುಗಳಲ್ಲಿ ವೃಕಸ್ಥಲವಿದೆ, ವಾರಣಾವತವಿದೆ, ಐದನೆಯದನ್ನು ಮಾತ್ರ ಯಾವುದಾದರೂ ಆಗಲಿ ಎಂದು ಬಿಟ್ಟಿದ್ದಾನೆ. ವಾರಣಾವತ ಎಂದರೆ ಅರಗಿನ ಮನೆ ಇದ್ದ ಊರು. ಬೇಡಿಕೆಯ ಪಟ್ಟಿಯಲ್ಲಿ ಆ ಹೆಸರು ಬಂದಾಗ ಹಸ್ತಿನಾವತಿಯ ಸಭೆಯಲ್ಲಿ ಯಾರಿಗೂ ಹಳೆಯದು ನೆನಪಾಗದೆ ಇದ್ದಿರಲಾರದು.

ಅರ್ಧ ರಾಜ್ಯದಿಂದ ಐದು ಊರಿಗೆ ಇಳಿದದ್ದನ್ನು ಕೆಲವರು ಧರ್ಮರಾಯನ ದೌರ್ಬಲ್ಯವೆಂದೂ ಕೆಲವರು ಔದಾರ್ಯವೆಂದೂ ಹೇಳುತ್ತಾರೆ. ಸಂಧಾನದ ದೃಷ್ಟಿಯಿಂದ ನೋಡಿದರೆ ಅದೊಂದು ಬಲು ಲೆಕ್ಕಾಚಾರದ ನಡೆಯೂ ಹೌದು. ಬೇಡಿಕೆ ಚಿಕ್ಕದಾದಷ್ಟೂ ನಿರಾಕರಣೆ ದೊಡ್ಡ ಅಪರಾಧವಾಗುತ್ತದೆ. ಇಷ್ಟನ್ನೂ ಕೊಡದವನ ಪರವಾಗಿ ಹೋರಾಡುತ್ತಿದ್ದೇವೆ ಎಂಬ ಅಳುಕು ಭೀಷ್ಮ ದ್ರೋಣರ ಮನಸ್ಸಿನಲ್ಲಿ ನೆಟ್ಟರೆ ಅದು ಒಂದು ಅಕ್ಷೌಹಿಣಿಗೆ ಸಮ.

ದುರ್ಯೋಧನನಿಗೆ ಇದು ಅರ್ಥವಾಗಿರಲಿಲ್ಲವೆಂದು ತಿಳಿಯಬಾರದು. ಅವನ ಪಾಲಿಗೆ ಐದು ಗ್ರಾಮಕ್ಕೂ ಅರ್ಧ ರಾಜ್ಯಕ್ಕೂ ವ್ಯತ್ಯಾಸವೇ ಇರಲಿಲ್ಲ. ಒಂದೇ ಊರನ್ನು ಕೊಟ್ಟರೂ ಪಾಂಡವರಿಗೆ ಹಕ್ಕಿದೆಯೆಂದು ಒಪ್ಪಿಕೊಂಡಂತೆ. ಹಕ್ಕನ್ನು ಒಪ್ಪಿದ ಮೇಲೆ ಎಷ್ಟು ನೆಲ ಎಂಬುದು ಬರಿಯ ಚೌಕಾಸಿ. ಅದೂ ಅಲ್ಲದೆ ಆ ಐದು ಊರುಗಳ ಬೆನ್ನಿಗೆ ಪಾಂಚಾಲ, ಮತ್ಸ್ಯ, ಯಾದವ ಬಲವಿತ್ತು. ಖಾಂಡವಪ್ರಸ್ಥದ ಕಾಡನ್ನು ಕೊಟ್ಟು ಕೈತೊಳೆದುಕೊಂಡಾಗ ಅದು ರಾಜಸೂಯ ನಡೆಸುವ ಇಂದ್ರಪ್ರಸ್ಥವಾಗಿ ಬೆಳೆದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಮುಂದೆ ಕೃಷ್ಣನ ಎದುರು ಅವನು ಮಂಡಿಸಿದ ವಾದ ಇನ್ನೂ ಗಟ್ಟಿಯಾದದ್ದು: ಹಿಂದೆ ನಾನು ಬಾಲಕನಾಗಿ ಪರಾಧೀನನಾಗಿದ್ದಾಗ, ಅಜ್ಞಾನದಿಂದಲೋ ಭಯದಿಂದಲೋ ಕೊಡಬಾರದ ರಾಜ್ಯವನ್ನು ಅವರಿಗೆ ಕೊಡಲಾಯಿತು, ನಾನಿರುವವರೆಗೆ ಅದು ಮತ್ತೆ ಅವರಿಗೆ ಸಿಗುವುದಿಲ್ಲ. ಜೂಜಿನ ಕರಾರನ್ನು ಮುರಿಯುತ್ತೇನೆ ಎಂದು ಅವನು ಹೇಳುತ್ತಿಲ್ಲ, ಅದಕ್ಕೂ ಹಿಂದಿನ ಪಾಲುಪಟ್ಟಿಯೇ ಅಸಿಂಧು ಎನ್ನುತ್ತಿದ್ದಾನೆ. ಸೂಜಿಮೊನೆಯ ಮಾತು ಬರುವುದು ಈ ವಾದದ ಕೊನೆಗೆ, ತೀರ್ಪಿನಂತೆ. ನಮ್ಮ ನೆನಪಿನಲ್ಲಿ ವಾದ ಉದುರಿಹೋಗಿ ಸೂಜಿಯೊಂದೇ ಉಳಿದಿದೆ.

ಕೃಷ್ಣ ಊಟಕ್ಕೆ ಕೂರದ್ದೇಕೆ

ಮೂರನೆಯ ದೂತ ಕೃಷ್ಣ. ಅವನು ಹೊರಡುವ ಮುಂಚೆ ಪಾಂಡವರ ಒಳಗಿನ ಭಿನ್ನಾಭಿಪ್ರಾಯವೂ ಹೊರಬೀಳುತ್ತದೆ. ಎಲ್ಲರೂ ಊಹಿಸುವುದಕ್ಕೆ ವಿರುದ್ಧವಾಗಿ ಭೀಮ, ದುರ್ಯೋಧನನೊಡನೆ ಮೃದುವಾಗಿ ಮಾತಾಡು, ಕುಲ ನಾಶವಾಗುವುದಕ್ಕಿಂತ ನಾವು ತಗ್ಗಿ ನಡೆಯುವುದೇ ಲೇಸು ಎನ್ನುತ್ತಾನೆ. ಕೃಷ್ಣ ಅದನ್ನು ಕೇಳಿ ಗೇಲಿ ಮಾಡುತ್ತಾನೆ. ಶಾಂತಸ್ವಭಾವದ ಸಹದೇವ ಯುದ್ಧವೇ ಬೇಕೆನ್ನುತ್ತಾನೆ. ದ್ರೌಪದಿ ತನ್ನ ಮುಡಿಯನ್ನು ಎಡಗೈಯಲ್ಲಿ ಹಿಡಿದು ತೋರಿಸಿ, ಸಂಧಿಯ ಮಾತು ಬಂದಾಗಲೆಲ್ಲ ಇದು ನೆನಪಿರಲಿ, ಭೀಮಾರ್ಜುನರು ಸಂಧಿಗೆ ಹಂಬಲಿಸಿದರೆ ನನ್ನ ತಂದೆ ಕಾದುತ್ತಾನೆ, ಅಭಿಮನ್ಯುವನ್ನು ಮುಂದಿಟ್ಟುಕೊಂಡು ನನ್ನ ಮಕ್ಕಳು ಕಾದುತ್ತಾರೆ ಎನ್ನುತ್ತಾಳೆ. ಒಂದು ವೇಳೆ ಒಪ್ಪಂದವಾಗಿದ್ದರೆ ಅದನ್ನು ಪಾಂಡವಪಕ್ಷದಲ್ಲೂ ಅರಗಿಸಿಕೊಳ್ಳದವರು ಇದ್ದರೆಂಬುದಕ್ಕೆ ಇದು ಸಾಕ್ಷಿ.

ಶಲ್ಯನ ಮೇಲೆ ನಡೆದ ಪ್ರಯೋಗ ಕೃಷ್ಣನ ಮೇಲೂ ನಡೆಯಿತು. ದಾರಿಯುದ್ದಕ್ಕೂ ರತ್ನಖಚಿತ ಬಿಡಾರಗಳೆದ್ದವು, ಕೃಷ್ಣ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಅವನು ರಾತ್ರಿ ತಂಗಿದ್ದು ವೃಕಸ್ಥಲದಲ್ಲಿ, ಯುಧಿಷ್ಠಿರ ಕೇಳಿದ್ದ ಐದು ಊರುಗಳಲ್ಲಿ ಒಂದರಲ್ಲಿ. ಅದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ. ಧೃತರಾಷ್ಟ್ರ ಅವನಿಗೆ ಕೊಡಲು ರಥ, ಆನೆ, ದಾಸಿಯರ ಉಡುಗೊರೆಯನ್ನು ಯೋಚಿಸುತ್ತಿದ್ದಾಗ ವಿದುರ ಮುಖಕ್ಕೆ ಹೊಡೆದಂತೆ ಹೇಳಿದ: ಹಣದಿಂದ ಕೃಷ್ಣನನ್ನು ಕೊಳ್ಳಲು ಹೊರಟಿದ್ದೀಯೆ, ಪಾಂಡವರು ಕೇಳಿದ ಐದು ಹಳ್ಳಿಯನ್ನು ಮಾತ್ರ ಕೊಡಲಾರೆ. ದುರ್ಯೋಧನನ ಆಲೋಚನೆ ಇನ್ನೂ ಮುಂದೆ ಹೋಗಿತ್ತು. ಕೃಷ್ಣನನ್ನು ಸೆರೆಹಿಡಿದರೆ ಯಾದವರೂ ಪಾಂಡವರೂ ಒಟ್ಟಿಗೆ ಅಧೀನರಾಗುತ್ತಾರೆ ಎಂದು ಅವನು ಸಭೆಯಲ್ಲಿ ಬಾಯಿಬಿಟ್ಟೇ ಹೇಳಿದ. ಬಂದವನು ದೂತ, ಹಾಗೆ ಮಾಡುವುದು ಧರ್ಮವಲ್ಲ ಎಂದು ಧೃತರಾಷ್ಟ್ರ ನುಡಿದ, ಭೀಷ್ಮ ಕೋಪದಿಂದ ಎದ್ದು ಹೋದ.

ದುರ್ಯೋಧನನ ಮನೆಯ ಊಟವನ್ನು ಕೃಷ್ಣ ನಿರಾಕರಿಸಿದ್ದನ್ನು ನಮ್ಮ ಹರಿಕಥೆ ಕೀರ್ತನೆಗಳು ಭಕ್ತಿಯ ಕಣ್ಣಿನಿಂದ ಕಂಡಿವೆ, ವಿದುರನ ಮನೆಯ ಹಾಲಿನ ಹಿರಿಮೆಯನ್ನು ಹಾಡಿವೆ. ಮೂಲದಲ್ಲಿ ಕೃಷ್ಣ ಕೊಡುವ ಕಾರಣಗಳು ರಾಜಕೀಯದವು. ದೂತರು ಊಟ ಮಾಡುವುದು ಬಂದ ಕೆಲಸ ಆದ ಮೇಲೆ ಎಂದು ಮೊದಲು ಹೇಳುತ್ತಾನೆ. ಒತ್ತಾಯ ಮುಂದುವರಿದಾಗ, ಪರರ ಅನ್ನವನ್ನು ಪ್ರೀತಿಯಿದ್ದರೆ ಉಣ್ಣಬೇಕು, ಇಲ್ಲವೇ ಆಪತ್ತಿನಲ್ಲಿ ಉಣ್ಣಬೇಕು, ನಿನಗೆ ಪ್ರೀತಿಯಿಲ್ಲ, ನಮಗೆ ಆಪತ್ತು ಬಂದಿಲ್ಲ ಎನ್ನುತ್ತಾನೆ. ಶಲ್ಯ ಎಡವಿದ ಕಡೆ ಕೃಷ್ಣ ಎಚ್ಚರ ವಹಿಸಿದ ಎಂದು ಓದಿಕೊಂಡರೆ ಈ ಪ್ರಸಂಗದ ತೂಕ ತಿಳಿಯುತ್ತದೆ.

“ನಾನು ಸ್ವತಂತ್ರನಲ್ಲ”

ಸಭೆಯಲ್ಲಿ ಕೃಷ್ಣ ಮಾತಾಡಿದ್ದು ದುರ್ಯೋಧನನನ್ನು ಉದ್ದೇಶಿಸಿ ಅಲ್ಲ, ಧೃತರಾಷ್ಟ್ರನನ್ನು ಉದ್ದೇಶಿಸಿ. ಸಿಂಹಾಸನದಲ್ಲಿರುವವನೊಡನೆಯೇ ಒಪ್ಪಂದ ಆಗಬೇಕಾದ್ದರಿಂದ ಅದು ಸರಿಯಾದ ಕ್ರಮವೇ. ಪರಶುರಾಮ, ಕಣ್ವ, ನಾರದರು ದೃಷ್ಟಾಂತ ಕಥೆಗಳನ್ನು ಹೇಳಿದರು, ದುರ್ಯೋಧನ ತೊಡೆ ತಟ್ಟಿ ನಕ್ಕ. ಆಗ ಧೃತರಾಷ್ಟ್ರ ಹೇಳಿದ ಮಾತು ಇಡೀ ಸಂಧಾನದ ಕೀಲಿಕೈ: ಕೃಷ್ಣಾ, ನೀನು ಹೇಳಿದ್ದೆಲ್ಲ ಸರಿ, ಆದರೆ ನಾನು ಸ್ವತಂತ್ರನಲ್ಲ, ನಡೆಯುತ್ತಿರುವುದು ನನಗೆ ಪ್ರಿಯವಲ್ಲ, ನೀನೇ ದುರ್ಯೋಧನನನ್ನು ಒಪ್ಪಿಸಲು ಪ್ರಯತ್ನಿಸು. ಒಂದು ರಾಜ್ಯದ ಅರಸನು ಎದುರು ಪಕ್ಷದ ದೂತನಿಗೆ ತುಂಬಿದ ಸಭೆಯಲ್ಲಿ ಹೀಗೆ ಹೇಳಿದ ಮೇಲೆ, ಅವನ ಸಹಿಗೆ ಬೆಲೆ ಎಲ್ಲಿ ಉಳಿಯಿತು?

ಕೃಷ್ಣ ಆಗ ದುರ್ಯೋಧನನ ಕಡೆ ತಿರುಗಿದ, ಭೀಷ್ಮ, ದ್ರೋಣ, ವಿದುರರೂ ದನಿಗೂಡಿಸಿದರು. ಈ ಹಂತದಲ್ಲಿ ದುಶ್ಶಾಸನ ಅಣ್ಣನಿಗೆ ಹೇಳಿದ ಮಾತು ಚಿಕ್ಕದಾದರೂ ಕಿಡಿಯಂಥದು: ನೀನಾಗಿ ಸಂಧಿಗೆ ಒಪ್ಪದಿದ್ದರೆ ಭೀಷ್ಮ, ದ್ರೋಣ, ತಂದೆ ಸೇರಿ ಕರ್ಣನನ್ನೂ ನಿನ್ನನ್ನೂ ನನ್ನನ್ನೂ ಕಟ್ಟಿ ಯುಧಿಷ್ಠಿರನಿಗೆ ಒಪ್ಪಿಸುತ್ತಾರೆ. ದುರ್ಯೋಧನ ಹಾವಿನಂತೆ ನಿಟ್ಟುಸಿರುಬಿಟ್ಟು ಸಭೆಯಿಂದ ಹೊರನಡೆದ. ಅವನ ಭಯ ಕಲ್ಪಿತವೇನಲ್ಲ. ಅವನು ಹೊರಟ ಕೂಡಲೇ ಕೃಷ್ಣ ಸಭೆಗೆ ಕೊಟ್ಟ ಸಲಹೆ ಅದೇ: ಕಂಸನನ್ನು ಬಂಧುಗಳೇ ತ್ಯಜಿಸಿದಾಗ ಯಾದವಕುಲ ಉಳಿಯಿತು, ದುರ್ಯೋಧನ, ಕರ್ಣ, ಶಕುನಿ, ದುಶ್ಶಾಸನರನ್ನು ಕಟ್ಟಿ ಪಾಂಡವರಿಗೆ ಒಪ್ಪಿಸಿ ಸಂಧಿ ಮಾಡಿಕೊಳ್ಳಿ. ಅಂದರೆ ಒಪ್ಪಂದಕ್ಕೆ ಒಂದೇ ದಾರಿ ಉಳಿದಿತ್ತು, ಅದು ಅರಮನೆಯೊಳಗಿನ ಕ್ರಾಂತಿಯ ದಾರಿ. ಧೃತರಾಷ್ಟ್ರ ಅದಕ್ಕೆ ಉತ್ತರವಾಗಿ ಗಾಂಧಾರಿಯನ್ನು ಕರೆಸಿದ. ಗಾಂಧಾರಿ ಬಂದವಳೇ ಮೊದಲು ದೂರಿದ್ದು ಮಗನನ್ನಲ್ಲ, ಗಂಡನನ್ನು: ಅವನ ದುಷ್ಟತನ ಗೊತ್ತಿದ್ದೂ ಮೋಹದಿಂದ ಅವನ ಬುದ್ಧಿಯನ್ನೇ ಅನುಸರಿಸಿದವನು ನೀನು.

ಇತ್ತ ಹೊರಗೆ ಕೃಷ್ಣನನ್ನು ಕಟ್ಟುವ ಮಸಲತ್ತು ನಡೆಯುತ್ತಿತ್ತು. ಮುಖಭಾವ ಓದಬಲ್ಲ ಸಾತ್ಯಕಿ ಅದನ್ನು ಗ್ರಹಿಸಿ ಹೊರಗೆ ಬಂದು, ಸೇನೆಯನ್ನು ಸಜ್ಜುಗೊಳಿಸಿ ಸಭಾದ್ವಾರದಲ್ಲಿ ನಿಲ್ಲೆಂದು ಕೃತವರ್ಮನಿಗೆ ಹೇಳಿದ. ಕೃತವರ್ಮ ಯಾದವನಾದರೂ ಈ ಯುದ್ಧದಲ್ಲಿ ಒಂದು ಅಕ್ಷೌಹಿಣಿಯೊಡನೆ ಕೌರವರ ಕಡೆ ಸೇರಿದವನು. ಆ ಘಳಿಗೆಯಲ್ಲಿ ಮಾತ್ರ ಕುಲದ ನಂಟು ಪಕ್ಷಕ್ಕಿಂತ ಮೇಲಾಯಿತು. ವಿಶ್ವರೂಪ ಬಂದದ್ದು ಇದರ ಬಳಿಕ.

ಹೊರಟ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಜನ್ಮರಹಸ್ಯವನ್ನು ಹೇಳಿ, ಹಿರಿಯನಾದ ನಿನಗೇ ಪಟ್ಟ ಎಂದ. ದುರ್ಯೋಧನನ ಧೈರ್ಯಕ್ಕೆ ಆಧಾರವಾಗಿದ್ದ ಕಂಬವನ್ನೇ ಅಲ್ಲಾಡಿಸುವ ಭೇದೋಪಾಯವಿದು. ಕರ್ಣನ ಉತ್ತರದಲ್ಲಿ ಭಾವನೆಯಷ್ಟೇ ರಾಜಕೀಯ ಪ್ರಜ್ಞೆಯೂ ಇದೆ: ಇದನ್ನು ಯುಧಿಷ್ಠಿರನಿಗೆ ಹೇಳಬೇಡ, ತಿಳಿದರೆ ಅವನು ರಾಜ್ಯ ಮುಟ್ಟುವುದಿಲ್ಲ, ನನ್ನ ಕೈಗೆ ಬಂದರೆ ನಾನು ದುರ್ಯೋಧನನಿಗೆ ಕೊಟ್ಟುಬಿಡುತ್ತೇನೆ. ಕುಮಾರವ್ಯಾಸನ ಕರ್ಣನಂತೂ ವಂಶವನ್ನು ತಿಳುಹಿ ಕೌರವೇಂದ್ರನನ್ನು ಕೊಂದೆ ನೀನು ಎಂದು ಕೃಷ್ಣನಿಗೆ ನೇರವಾಗಿ ಹೇಳುತ್ತಾನೆ. ಆಮಿಷ ವಿಫಲವಾದರೂ ಸುದ್ದಿ ತನ್ನ ಕೆಲಸ ಮಾಡಿತು. ಮುಂದೆ ಗಂಗೆಯ ತಡಿಯಲ್ಲಿ ಕುಂತಿ ಬಂದು ಬೇಡಿದಾಗ ಅರ್ಜುನನೊಬ್ಬನ ಹೊರತು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲವೆಂದು ಅವನು ಮಾತು ಕೊಟ್ಟದ್ದು ಅದಕ್ಕೆ ಸಾಕ್ಷಿ.

ಒಪ್ಪಿದ್ದರೂ ಹೊಣೆ ಯಾರದು?

ಒಂದು ವೇಳೆ ದುರ್ಯೋಧನ ಒಪ್ಪಿದ್ದನೆಂದೇ ಇಟ್ಟುಕೊಳ್ಳೋಣ. ಅದನ್ನು ಕಾಯುವವರು ಯಾರಿದ್ದರು? ಆಣೆಯ ಮೇಲೆ ನಿಂತ ಸಂಧಿ ಚಂಚಲ, ಜಾಮೀನು ಅಥವಾ ಒತ್ತೆಯಿಟ್ಟ ಸಂಧಿ ಸ್ಥಿರ ಎಂದು ಹಿಂದಿನ ಆಚಾರ್ಯರು ಹೇಳಿದ್ದನ್ನು ಕೌಟಿಲ್ಯ ಎತ್ತಿ ಹೇಳಿ, ಅದನ್ನು ತಾನು ಒಪ್ಪುವುದಿಲ್ಲ ಎನ್ನುತ್ತಾನೆ. ಆಣೆ ಇಹಪರಗಳೆರಡರಲ್ಲೂ ಕಟ್ಟುತ್ತದೆ, ಒತ್ತೆ ಇಹದಲ್ಲಿ ಮಾತ್ರ, ಅದೂ ಬಲವನ್ನು ಅವಲಂಬಿಸಿ. ನಮ್ಮ ನೆಲದಲ್ಲೇ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಲೊಪ್ಪಿ, ಅದಕ್ಕೆ ಒತ್ತೆಯಾಗಿ ಇಬ್ಬರು ಮಕ್ಕಳನ್ನು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ವಶಕ್ಕೆ ಕೊಟ್ಟ. ಮಕ್ಕಳು 1794ರಲ್ಲಿ ಮರಳಿದರು, 1799ರಲ್ಲಿ ಮತ್ತೆ ಯುದ್ಧವಾಯಿತು. ಒತ್ತೆ ಹಣವನ್ನು ವಸೂಲು ಮಾಡಿಕೊಟ್ಟಿತು, ಶಾಂತಿಯನ್ನು ತರಲಿಲ್ಲ.

ಹಸ್ತಿನಾವತಿಯಲ್ಲಿ ಈ ಎರಡಕ್ಕೂ ಜಾಗವಿರಲಿಲ್ಲ. ಆಣೆಯ ಮೇಲೆ ನಿಂತ ಜೂಜಿನ ಕರಾರೇ ವಿವಾದದಲ್ಲಿತ್ತು. ಮೂರನೆಯವರಾಗಿ ನಿಂತು ಜಾಮೀನು ಕೊಡಬಲ್ಲ ರಾಜರೆಲ್ಲ ಆಗಲೇ ಒಂದಲ್ಲ ಒಂದು ಪಾಳೆಯ ಸೇರಿದ್ದರು. ಕೊನೆಗೂ ಹೊರಗುಳಿದವರು ಇಬ್ಬರೇ: ಮನನೊಂದು ತೀರ್ಥಯಾತ್ರೆಗೆ ಹೋದ ಬಲರಾಮ, ಮತ್ತು ಬಡಾಯಿ ಕೊಚ್ಚಿ ಎರಡೂ ಕಡೆಯವರಿಂದ ಬೇಡವೆನ್ನಿಸಿಕೊಂಡ, ರುಕ್ಮಿಣಿಯ ಅಣ್ಣ ರುಕ್ಮಿ. ಮಧ್ಯಸ್ಥನಾಗಿ ಬಂದ ಕೃಷ್ಣನೂ ಅರ್ಜುನನ ಸಾರಥ್ಯವನ್ನು ಒಪ್ಪಿಕೊಂಡೇ ಬಂದವನು.

ಇದೆಲ್ಲ ಕೃಷ್ಣನಿಗೆ ಗೊತ್ತಿರಲಿಲ್ಲವೇ? ಹಸ್ತಿನಾವತಿಯಲ್ಲಿ ಆ ರಾತ್ರಿ ವಿದುರ ಅವನನ್ನು ಕೇಳಿದ್ದೂ ಇದನ್ನೇ: ಕಿವುಡರ ಮುಂದೆ ಹಾಡಲು ಏಕೆ ಬಂದೆ? ಕೃಷ್ಣ ಕೊಟ್ಟ ಉತ್ತರದಲ್ಲಿ ಒಂದು ಮಾತು ಹೀಗಿದೆ: ಶಕ್ತನಾಗಿದ್ದೂ ಕೃಷ್ಣ ಕುರುಪಾಂಡವರನ್ನು ತಡೆಯಲಿಲ್ಲ ಎಂದು ನಾಳೆ ಯಾರೂ ಹೇಳಬಾರದು. ಉಪಪ್ಲಾವ್ಯಕ್ಕೆ ಮರಳಿದ ಮೇಲೆ ಅವನು ಒಪ್ಪಿಸಿದ ವರದಿಯೂ ಅದೇ ಧಾಟಿಯದು: ಸಾಮ, ಭೇದ, ದಾನಗಳನ್ನು ಪ್ರಯೋಗಿಸಿದ್ದಾಯಿತು, ಐದು ಗ್ರಾಮಕ್ಕೂ ಇಳಿದದ್ದಾಯಿತು, ಇನ್ನು ನಾಲ್ಕನೆಯ ಉಪಾಯವಾದ ದಂಡವೊಂದೇ ಕಾಣುತ್ತಿದೆ. ಸಂಧಾನಕ್ಕೆ ಯುದ್ಧವನ್ನು ತಡೆಯುವುದರ ಜೊತೆಗೆ ಯುದ್ಧದ ಹೊಣೆಯನ್ನು ಯಾರ ತಲೆಗೆ ಕಟ್ಟಬೇಕೆಂದು ನಿರ್ಧರಿಸುವ ಕೆಲಸವೂ ಇರುತ್ತದೆ. ಮೊದಲನೆಯದರಲ್ಲಿ ಕೃಷ್ಣ ಸೋತ, ಎರಡನೆಯದರಲ್ಲಿ ಎಷ್ಟು ಪೂರ್ತಿಯಾಗಿ ಗೆದ್ದನೆಂದರೆ ದುರ್ಯೋಧನನ ವಾದ ಕೇಳಬೇಕಾದರೆ ಇವತ್ತಿಗೂ ತಾಳಮದ್ದಲೆಗೇ ಹೋಗಬೇಕು.

ಎರಡು ಪಕ್ಷಗಳ ನಡುವೆ ಒಂದು ಒಪ್ಪಂದ ಮಾತ್ರ ನಿಜವಾಗಿ ಆಯಿತು, ಅದೂ ಕುರುಕ್ಷೇತ್ರಕ್ಕೆ ಬಂದ ಮೇಲೆ. ರಥಿಕನೊಡನೆ ರಥಿಕನೇ ಕಾದಬೇಕು, ಇನ್ನೊಬ್ಬನೊಡನೆ ಕಾದುತ್ತಿರುವವನನ್ನು, ಆಯುಧ ಕಳೆದುಕೊಂಡವನನ್ನು, ಬೆನ್ನು ತಿರುಗಿಸಿದವನನ್ನು ಹೊಡೆಯಕೂಡದು, ದಿನದ ಯುದ್ಧ ನಿಂತ ಮೇಲೆ ಪರಸ್ಪರ ಪ್ರೀತಿಯಿರಬೇಕು ಎಂಬ ಯುದ್ಧನಿಯಮಗಳವು. ಮಾತು ಕೊಟ್ಟವರ ಕೈಯಲ್ಲೇ ಸೇನೆಯೂ ಇದ್ದುದರಿಂದ ಅವು ಒಂದಿಷ್ಟು ದಿನವಾದರೂ ಬಾಳಿದವು. ಭೀಷ್ಮ ಬಿದ್ದದ್ದು 10ನೆಯ ದಿನ. 13ನೆಯ ದಿನ ಒಬ್ಬಂಟಿ ಅಭಿಮನ್ಯುವನ್ನು ಹಲವು ಮಹಾರಥರು ಸುತ್ತುವರಿದು ಕೊಂದರು. 14ನೆಯ ದಿನ ಸಾತ್ಯಕಿಯೊಡನೆ ಕಾದುತ್ತಿದ್ದ ಕೌರವಪಕ್ಷದ ಭೂರಿಶ್ರವನ ತೋಳನ್ನು ಅರ್ಜುನ ಮರೆಯಿಂದ ಕತ್ತರಿಸಿದ, ಆಯುಧ ಬಿಟ್ಟು, ಅನ್ನನೀರು ತೊರೆದು ಸಾಯುವ ಪ್ರಾಯೋಪವೇಶಕ್ಕೆ ಕೂತ ಅವನ ತಲೆಯನ್ನು ಸಾತ್ಯಕಿ ಹಾರಿಸಿದ. ಯುದ್ಧ ಮುಗಿದ ರಾತ್ರಿ ಅಶ್ವತ್ಥಾಮನೊಡನೆ ಮಲಗಿದ್ದವರನ್ನು ಕೊಲ್ಲಲು ಹೋದವರಲ್ಲಿ ಕೃತವರ್ಮನಿದ್ದ. ಯುದ್ಧವಾದ 36ನೆಯ ವರ್ಷದಲ್ಲಿ ಪ್ರಭಾಸದ ಕಡಲತಡಿಯಲ್ಲಿ ಕುಡಿದ ಅಮಲಿನಲ್ಲಿ ಸಾತ್ಯಕಿಯೂ ಕೃತವರ್ಮನೂ ಎದುರುಬದುರಾದರು. ಮಲಗಿದವರನ್ನು ಕೊಂದವನೆಂದು ಸಾತ್ಯಕಿ ಹಂಗಿಸಿದ, ಭೂರಿಶ್ರವನನ್ನು ಕೊಂದದ್ದು ಹೇಗೆಂದು ಕೃತವರ್ಮ ಕೇಳಿದ, ಸಾತ್ಯಕಿ ಕತ್ತಿಯೆತ್ತಿ ಅವನ ತಲೆ ಕಡಿದ. ಹಸ್ತಿನಾವತಿಯ ಸಭಾದ್ವಾರದಲ್ಲಿ ಕೃಷ್ಣನಿಗಾಗಿ ಒಟ್ಟಿಗೆ ನಿಂತಿದ್ದ ಆ ಇಬ್ಬರ ಜಗಳದಿಂದಲೇ ಯಾದವರ ಕೊನೆಯ ಹೊಡೆದಾಟ ಶುರುವಾಯಿತು.